ಹೋಗುವಾಗ ಎಂಟು ಗಂಟೆ, ಬರುವಾಗ ಏಳು

ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟ ವಿಮಾನ ಮಧ್ಯಾಹ್ನ 2ರ ಹೊತ್ತಿಗೆ ನ್ಯೂಯಾರ್ಕ್ ತಲುಪುತ್ತದೆ. ಅಲ್ಲಿಂದ ಸಂಜೆ 7ಕ್ಕೆ ಹೊರಟದ್ದು ಮರುದಿನ ಬೆಳಿಗ್ಗೆ 7ಕ್ಕೆ ಲಂಡನ್ನಿನಲ್ಲಿ ಇಳಿಯುತ್ತದೆ. ಹೋಗಲು ಮೂರು ಗಂಟೆ, ಬರಲು ಹನ್ನೆರಡೇ?

ಇದು ಗಡಿಯಾರದ ಆಟ. ವರ್ಷದ ಹೆಚ್ಚು ಕಾಲ ಈ ಎರಡು ನಗರಗಳ ಸಮಯದಲ್ಲಿ ಐದು ಗಂಟೆಗಳ ವ್ಯತ್ಯಾಸವಿರುತ್ತದೆ. ಅದನ್ನು ಕೂಡಿ ಕಳೆದರೆ ಹೋಗುವ ಪ್ರಯಾಣ ಎಂಟು ಗಂಟೆ, ಬರುವುದು ಏಳು. ಆದರೂ ಒಂದು ಗಂಟೆಯ ಲೆಕ್ಕ ಸಿಗಲಿಲ್ಲ! ಎತ್ತಲಿಂದ ಅಳೆದರೂ ದೂರ ಸುಮಾರು 5,550 ಕಿ.ಮೀ.

‘ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಅದಕ್ಕೇ’ ಎಂಬ ಉತ್ತರ ತರಗತಿಯಲ್ಲಿ ಥಟ್ಟನೆ ಬರುತ್ತದೆ. ಹಾಗಿದ್ದರೆ ನ್ಯೂಯಾರ್ಕ್ ತಾನಾಗಿಯೇ ವಿಮಾನದ ಎದುರಿಗೆ ಬರಬೇಕಿತ್ತು, ಪಶ್ಚಿಮದ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಭೂಮಿಯ ಜೊತೆ ಅದರ ವಾಯುಮಂಡಲವೂ ತಿರುಗುತ್ತದೆ ಎಂಬುದನ್ನು ಈ ಉತ್ತರ ಮರೆತಿದೆ.

ನಿಜವಾದ ಕಾರಣ ಗಾಳಿ. ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಯಿದೆ. ಇದೇ ಜೆಟ್ ಸ್ಟ್ರೀಮ್. ಧ್ರುವದ ಕಡೆಯ ಶೀತ, ಸಮಭಾಜಕದ ಕಡೆಯ ಉಷ್ಣ ಇವುಗಳ ಅಂತರದಿಂದ ಅದು ಹುಟ್ಟುತ್ತದೆ. ಅದನ್ನು ಪೂರ್ವಕ್ಕೆ ಹೊರಳಿಸುವುದು ಭೂಮಿಯ ತಿರುಗುವಿಕೆ. ಹುಡುಗರ ಉತ್ತರ ಪೂರ್ತಿ ತಪ್ಪಲ್ಲ ಎನ್ನಿ. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಷಿ 1920ರ ದಶಕದಲ್ಲೇ ಬಲೂನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತೆಲ್ಲ ಓದಲೆಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು, ಪಾಪ, ಓದಿದವರು ಕಡಿಮೆ.

2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ದಿನಗಳಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದಿಂದ ಅಳೆದಾಗ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗವನ್ನು ಮೀರಿತೇ? ಇಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಅದನ್ನು ಹೊತ್ತು ತಂದಿತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿಬಿಡುತ್ತದೆ, ಒಟ್ಟಿನಲ್ಲಿ ಸರಿಸಮ ಎಂದು ಯಾರಿಗಾದರೂ ಅನಿಸೀತು. ಕಾಗದ ಪೆನ್ಸಿಲು ಹಿಡಿದು ನೋಡಿ. ಲೆಕ್ಕಕ್ಕೆ ಸುಲಭವಾಗಲೆಂದು ದೂರ 5,500 ಕಿ.ಮೀ., ವಿಮಾನದ ವೇಗ ಗಂಟೆಗೆ 900, ಗಾಳಿಯದು 150 ಎಂದಿಟ್ಟುಕೊಳ್ಳೋಣ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 13 ನಿಮಿಷ. ಗಾಳಿ ಇದ್ದಾಗ ಹೋಗುವ ವೇಗ 750, ಸಮಯ 7 ಗಂಟೆ 20 ನಿಮಿಷ. ಬರುವ ವೇಗ 1,050, ಸಮಯ 5 ಗಂಟೆ 14 ನಿಮಿಷ. ಒಟ್ಟು 12 ಗಂಟೆ 34 ನಿಮಿಷ. 21 ನಿಮಿಷ ನಷ್ಟ! ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಅನುಕೂಲದ ಗಾಳಿಯಲ್ಲಿ ಕಡಿಮೆ ಹೊತ್ತು. ಸರಾಸರಿ ವೇಗವೆಂದು 750 ಮತ್ತು 1,050ನ್ನು ಕೂಡಿಸಿ ಎರಡರಿಂದ ಭಾಗಿಸುವವರು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ.

ವಿಮಾನ ಕಂಪನಿಗಳು ಕಳೆದುಕೊಳ್ಳುವುದು ಇಂಧನವನ್ನು. ಆದ್ದರಿಂದಲೇ ಅಟ್ಲಾಂಟಿಕ್ ದಾಟುವ ವಿಮಾನಗಳ ದಾರಿಯನ್ನು ಆಯಾ ದಿನದ ಗಾಳಿ ನೋಡಿ ಗೊತ್ತುಮಾಡುತ್ತಾರೆ. ಇಂಗಾಲದ ಡೈಆಕ್ಸೈಡ್ ಏರಿದಂತೆ ಈ ಮಾರ್ಗದ ಜೆಟ್ ಸ್ಟ್ರೀಮ್ ಇನ್ನೂ ಬಲವಾಗಿ, ಹೋಗಿಬರುವ ಒಟ್ಟು ಸಮಯ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ 2016ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೇಲಿನ ಲೆಕ್ಕದಲ್ಲಿ 150ರ ಬದಲು 200 ಹಾಕಿದರೆ ನಷ್ಟ ಎಷ್ಟಾಗುತ್ತದೆ ಎಂಬುದನ್ನು ಮನೆಯಲ್ಲೇ ಮಾಡಿ ನೋಡಬಹುದು.