ಕಾಣಿಕೆ ಚೀಲ ಮುಂದೆ ಬಂದಾಗ



ನಮ್ಮಲ್ಲಿ ಕೆಲವರು ಒಂದೊಂದು ಭಾನುವಾರ ಪೂಜೆಗೆ ಬರೋದೇ ಇಲ್ಲ. ವಿಚಾರಿಸಿದರೆ, "ಈ ವಾರ ಕೂಲಿ ಸಿಗಲಿಲ್ಲ ಫಾದರ್. ಚೀಲ ಮುಂದೆ ಬಂದಾಗ ಬರಿಗೈಲಿ ಹೆಂಗೆ ಕೂತ್ಕೊಳ್ಳೋದು?" ಅನ್ನುತ್ತಾರೆ. ಕೇಳಿ ನಮಗೇ ನಾಚಿಕೆಯಾಯಿತು. ಕಾಣಿಕೆ ಅನ್ನೋದು ಪೂಜೆಯ ಟಿಕೆಟ್ ಅಲ್ಲವೆಂದು ನಾವು ಸರಿಯಾಗಿ ತಿಳಿಸಿಯೇ ಇಲ್ಲ.

ಸುಮಾರು ಕ್ರಿ.ಶ. 155ರಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ಅಂದಿನ ಭಾನುವಾರದ ಆರಾಧನೆಯನ್ನು ವಿವರಿಸಿ ಬರೆದಿದ್ದಾರೆ. ವಾಚನ, ಪ್ರಬೋಧನೆ, ಪ್ರಾರ್ಥನೆ, ಪರಮಪ್ರಸಾದ ಎಲ್ಲ ನಮ್ಮ ಹಾಗೆಯೇ. ಬಾರದವರ ಮನೆಗೂ ಪರಮಪ್ರಸಾದ ಕಳುಹಿಸುತ್ತಿದ್ದರು. ಇನ್ನು ಕಾಣಿಕೆ? ಉಳ್ಳವರು, ಅದೂ ಮನಸ್ಸಿದ್ದರೆ, ತಮಗೆ ತೋಚಿದಷ್ಟು ಕೊಡುತ್ತಿದ್ದರು. ಅದು ಪೂಜೆ ನಡೆಸುವವರ ಕೈಸೇರಿ ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತಿತ್ತು. ಅಂದರೆ ಕೂಲಿ ಸಿಗದ ಮನೆಯವರು ಕೊಡುವವರ ಸಾಲಿನಲ್ಲಿ ಇರಲಿಲ್ಲ, ಪಡೆಯುವವರ ಸಾಲಿನಲ್ಲಿದ್ದರು.

ಇಂದಿಗೂ ಪೂಜಾ ನಿಯಮದಂತೆ ಬಲಿಪೀಠಕ್ಕೆ ಏರುವುದು ರೊಟ್ಟಿ, ದ್ರಾಕ್ಷಾರಸ. ಹಣವನ್ನು ಪೀಠದಿಂದ ದೂರ ಬೇರೆ ಕಡೆ ಇಡಬೇಕು. ಗಮನಿಸಿದ್ದೀರಾ?

ಹಾಗಾಗಿ ಕೈಲಿ ಇಲ್ಲದಿದ್ದರೆ ಚೀಲವನ್ನು ಪಕ್ಕದವರಿಗೆ ದಾಟಿಸಿ, ಅಷ್ಟೇ. ಮನೆಯಲ್ಲಿ ಅಕ್ಕಿ ಮುಗಿದಿದ್ದರೆ ಪೂಜೆಯಾದ ಮೇಲೆ ನಮಗೊಂದು ಮಾತು ಹೇಳಿ.