ಅಡಿಕೆಯ ಕೊಳೆರೋಗ: ಮಳೆಗೆ ಮುಂಚೆ ಮಾಡತಕ್ಕ ಕೆಲಸ

ಹಳೇಬೀಡಿಗೆ ಸಮೀಪದ ಹುಲಿಕೆರೆಯು ಹೊಯ್ಸಳರ ಕಾಲದ ಕಲ್ಯಾಣಿಯಿಂದ ಪ್ರಸಿದ್ಧವಾದ ಗ್ರಾಮವು. ಇಲ್ಲಿಂದ ಪಶ್ಚಿಮಕ್ಕೆ ಬೇಲೂರನ್ನು ದಾಟಿದರೆ ಮಲೆನಾಡಿನ ಮಳೆ. ಪೂರ್ವಕ್ಕೆ ಅರಸೀಕೆರೆಯ ಕಡೆ ತೆಂಗಿನ ಬಯಲುಸೀಮೆ. ಇಂಥ ಅಂಚಿನ ಪ್ರದೇಶದ ತೋಟಗಾರರಿಗೆ ಕೊಳೆರೋಗವು ಮಲೆನಾಡಿನವರ ಕಷ್ಟವೆಂದು ತೋರುವುದು ಸಹಜವೇ. ಆದರೆ ಮಲೆನಾಡಿನವನು ಪ್ರತಿವರ್ಷವೂ ರೋಗವನ್ನು ನಿರೀಕ್ಷಿಸಿ ಸಿದ್ಧನಾಗಿರುತ್ತಾನೆ. ಅಂಚಿನವನು ಜಡಿಮಳೆ ಹಿಡಿದ ವರ್ಷ ಕಾಯಿಗಳು ಉದುರತೊಡಗಿದ ಮೇಲೆ ಮೈಲುತುತ್ತಕ್ಕಾಗಿ ಪೇಟೆಗೆ ಹೊರಡುತ್ತಾನೆ. ಆ ವೇಳೆಗೆ ಕಾಲ ಮಿಂಚಿರುತ್ತದೆ.

ಈ ರೋಗದ ಕಾರಣವನ್ನು ನಮ್ಮ ನಾಡಿನಲ್ಲಿ ಕ್ರಮವಾಗಿ ಪರಿಶೋಧಿಸಿದವರು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ನರು. 1910ರಲ್ಲಿ ಅವರು ಪ್ರಕಟಿಸಿದ ವರದಿಯು ರೋಗಕ್ಕೆ ಫೈಟಾಫ್ತೊರ ಎಂಬ ಬೂಷ್ಟು ಕಾರಣವೆಂದು ವಿವರಿಸಿತು. ಈಗಿನ ಶಾಸ್ತ್ರಜ್ಞರು ಇದನ್ನು ನಿಜವಾದ ಶಿಲೀಂಧ್ರಗಳಿಂದ ಬೇರೆಯಾದ ವರ್ಗಕ್ಕೆ ಸೇರಿಸುತ್ತಾರೆ. ತೋಟಗಾರನಿಗೆ ಮುಖ್ಯವಾದುದು ಇಷ್ಟೇ: ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಗೊನೆಯ ಮೇಲೆ ನೀರು ನಿಂತಿರುವಷ್ಟು ಕಾಲವೂ ಅವಕ್ಕೆ ದಾರಿ ತೆರೆದಿರುತ್ತದೆ.

ಮೊದಲು ಕಾಯಿಯ ತೊಟ್ಟಿನ ಬಳಿ ನೀರು ಹಿಡಿದಂತೆ ಕಡುಹಸಿರು ಮಚ್ಚೆ ಕಾಣುವುದು. ಮಚ್ಚೆ ಹರಡಿ ಕಾಯಿ ಉದುರುವುದು. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುವುದು. ರೋಗವು ಸುಳಿಗೆ ಇಳಿದರೆ ಮರವೇ ಸಾಯುವುದು. ತೆಂಗಿನ ಸುಳಿಕೊಳೆಗೂ ಇದೇ ಕುಲದ ಜೀವಿಯೇ ಕಾರಣವಾದುದರಿಂದ ಬಯಲುಸೀಮೆಯವರೂ ಇದನ್ನು ಅನ್ಯರ ವಿಷಯವೆಂದು ಬಿಡುವಂತಿಲ್ಲ.

ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವ ಮಲೆನಾಡಿನ ಹಳೆಯ ಪದ್ಧತಿಯು ಯುಕ್ತವಾದುದೇ. ಆದರೆ ದೊಡ್ಡ ತೋಟಕ್ಕೆ ಆಳು ಸಾಲದು. ಬೋರ್ಡೊ ದ್ರಾವಣವೇ ಹೆಚ್ಚು ಬಳಕೆಯಲ್ಲಿರುವ ಉಪಾಯ. ಒಂದು ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕದಡಿ ಸೋಸಿಕೊಳ್ಳಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಹಳೆಯ, ಗಾಳಿ ತಗುಲಿ ಪುಡಿಯಾದ ಸುಣ್ಣವನ್ನು ತಂದು ದ್ರಾವಣವನ್ನು ದೂರುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಕಲಸಿದ್ದನ್ನು ಅದೇ ದಿನ ಮುಗಿಸತಕ್ಕದ್ದು. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡಾ ಕುದಿಸಿದ ಅಂಟನ್ನು ಸೇರಿಸುವುದುಂಟು.

ಮೊದಲನೆಯ ಸಿಂಪಡಣೆಯು ಮುಂಗಾರು ಬಲಿಯುವ ಮುನ್ನವೇ, ಅಂದರೆ ಮೇ ಕೊನೆ ಅಥವಾ ಜೂನ್ ಆದಿಯಲ್ಲಿ, ಆಗಬೇಕು. ಎರಡನೆಯದು 40ರಿಂದ 45 ದಿನಗಳ ಮೇಲೆ. ಮಳೆ ಬಿಡದಿದ್ದರೆ ಮತ್ತೊಮ್ಮೆ. ದ್ರಾವಣವು ಎಲೆಗಳಿಗೆ ಬಿದ್ದು ಗೊನೆಗೆ ತಾಗದಿದ್ದರೆ ಖರ್ಚು ಮಾತ್ರವೇ ಉಳಿಯುವುದು. ಮರ ಹತ್ತುವವರು ದುರ್ಲಭರಾದುದರಿಂದ ಈಚೆಗೆ ನೆಲದಲ್ಲಿಯೇ ನಿಂತು ಉದ್ದದ ದೋಟಿಯಿಂದ ಸಿಂಪಡಿಸುವುದೂ ಬಳಕೆಗೆ ಬಂದಿದೆ.

ಉದುರಿದ ಕಾಯಿಗಳನ್ನೂ ಮರದಲ್ಲಿ ಉಳಿದ ಹಿಂದಿನ ಸಾಲಿನ ಒಣ ಗೊನೆಗಳನ್ನೂ ತೆಗೆದು ಸುಡಬೇಕು. ರೋಗವು ಬೇಸಗೆಯನ್ನು ಕಳೆಯುವುದು ಅವುಗಳಲ್ಲಿಯೇ. ಇಲ್ಲಿ ಊರಿನ ಯಜಮಾನರ ಹೊಣೆ ಬರುತ್ತದೆ. ಗಾಳಿಮಳೆಗೆ ಬೇಲಿಯ ಲೆಕ್ಕವಿಲ್ಲ; ಪಟ್ಟಣದಲ್ಲಿ ವಾಸಿಸುವ ಒಬ್ಬನ ತೋಟ ಬಿಟ್ಟುಹೋದರೆ ಸುತ್ತಲಿನವರ ಶ್ರಮವು ಅಪಾಯಕ್ಕೆ ಸಿಕ್ಕುವುದು. ಆದ್ದರಿಂದ ಮೇ ತಿಂಗಳಲ್ಲಿಯೇ ಹಿಡುವಳಿದಾರರನ್ನು ಕೂಡಿಸಿ, ತುತ್ತ ಸುಣ್ಣಗಳನ್ನು ಒಟ್ಟಿಗೆ ತರಿಸಿ, ಆಳುಗಳನ್ನು ಗೊತ್ತು ಮಾಡಿ, ನೀರು ನಿಲ್ಲುವ ತಗ್ಗಿನ ತೋಟಗಳಿಂದ ಆರಂಭಿಸುವುದು ಒಳ್ಳೆಯದು. ಊರಲ್ಲಿಲ್ಲದವನ ಒಪ್ಪಿಗೆಯನ್ನು ಮೊದಲೇ ಪಡೆದು, ಅವನ ತೋಟಕ್ಕೂ ಅದೇ ಸರದಿಯಲ್ಲಿ ಸಿಂಪಡಿಸಿ, ಖರ್ಚನ್ನು ಕೊಯ್ಲಿನಲ್ಲಿ ವಸೂಲು ಮಾಡಿಕೊಳ್ಳಬಹುದು.