ಹೊಲಕ್ಕೆ ಹೋಗೋ ಮುಂಚೆ ಏನು ತಿಂತೀರಿ?

ಟೀ ಜೊತೆ ನಾಲ್ಕು ಬಿಸ್ಕೆಟ್ ತಿಂದು ಹೊಲಕ್ಕಿಳಿದರೆ ಹತ್ತು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತೆ. ಮೈದಾ, ಸಕ್ಕರೆ ಎರಡೂ ಬೇಗ ಕರಗಿಹೋಗ್ತವೆ. ಬದಲಿಗೆ ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಬಟ್ಟಲು ಮೊಳಕೆ ಹುರುಳಿಕಾಳಿನ ಉಸ್ಲಿ ತಿಂದು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಷ್ಟೇ ಒಣ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ನಿಧಾನಕ್ಕೆ ಜೀರ್ಣವಾಗಿ ಹಸಿವು ತಡೀತವೆ.

ರಾಗಿ ಒಳ್ಳೇದು ಅಂತ ಪ್ಯಾಕೆಟ್ ಮಾಲ್ಟ್ ತರೋ ಮುಂಚೆ ಹಿಂಬದಿ ಓದಿ. ಯಾವುದು ಹೆಚ್ಚಿದೆಯೋ ಅದರ ಹೆಸರೇ ಮೊದಲು ಬರುತ್ತೆ. ಕೆಲವದರಲ್ಲಿ ಸಕ್ಕರೆಯೇ ಮೊದಲು! ಬೆಲ್ಲ ಹಾಕಿದ್ರೂ ಲೆಕ್ಕ ಅದೇ.

ಅಪ್ಪ-ಅಮ್ಮ ಶುಗರ್ ಮಾತ್ರೆ ತಗೊಳ್ತಿದ್ರೆ, ಮಾತ್ರೆ ನುಂಗಿ ತಿಂಡಿ ಬಿಟ್ಟು ಹೊಲಕ್ಕೆ ಹೋಗೋಕೆ ಬಿಡಬೇಡಿ. ಕೆಲಸದ ನಡುವೆ ಶುಗರ್ ಇಳಿದು, ಬೆವರಿ, ತಲೆಸುತ್ತು ಬರಬಹುದು. ಆ ಹೊತ್ತಿಗೆ ಮಾತ್ರ ಒಂದಿಷ್ಟು ಸಕ್ಕರೆ ಅವರ ಜೇಬಲ್ಲಿರಲಿ.